ಬೀಗಿತ್ತಿಯ ಕತ್ತಾಳೆ

ಸರಕಿನ ಹಾಗೆ ತೂಗಿ ನೋಡಿದರೆ ನಮ್ಮ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ, ಅಷ್ಟೇನೂ ಲಾಭದ ಬಾಬತ್ತಲ್ಲ. ಮೈ ಒಂದು ಹಿಡಿ, ಮಾತು ಅದಕ್ಕಿಂತ ಕಡಿಮೆ, ಹಟ ಮಾತ್ರ ಮೂಟೆಗಟ್ಟಲೆ. ಬೆರಳುಗಳು ಅಪ್ಪಟ ಮಾಲು. ಸೋಫಾಗಳಿಗೆ ಬಟ್ಟೆ ಹೊದಿಸಿ ಹೊಲಿಯುವುದು ಕಸುಬು. ಆಕೆ ಹೊಲಿದ ಅಂಚು ಬಿಚ್ಚಿದ್ದನ್ನು ದಾರ, ಗುಂಡಿ ಮಾರುವ ನಾನಂತೂ ಕಂಡಿಲ್ಲ.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಬಿಸಿಲು ಬೀಳುವುದು ಬಾಗಿಲ ಪಕ್ಕದಲ್ಲಿ ಮಾತ್ರ. ಆ ಜಾಗ ಕತ್ತಾಳೆಯದು. ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಸೋಫಾದ ಸ್ಪ್ರಿಂಗಿನೊಳಗೆ ಬೆರಳುದ್ದದ ಮರಿಯಾಗಿ ಸಿಕ್ಕಿತ್ತು. ಈಗ ದಪ್ಪ ಎಲೆಗಳು ಒಂದರ ಮಗ್ಗುಲಿಗೊಂದು ಸುತ್ತಿ, ಅರಳಿದ ಹೂವಿನಂತೆ ಕುಂಡದ ತುಂಬ ಕೂತಿವೆ. ಅಂಚಿಗೆ ಗರಗಸದ ಹಲ್ಲು, ತುದಿಗೆ ದಬ್ಬಳದಂಥ ಮುಳ್ಳು. ಆರೈಕೆ ಎಂದರೆ ಸುಮ್ಮನೆ ಬಿಡುವುದು: ಮರಳು ಬೆರೆಸಿದ ಮಣ್ಣು, ಬಿಸಿಲು, ಮಣ್ಣು ಪೂರಾ ಒಣಗಿದ ಮೇಲೆ ಒಂದು ಲೋಟ ನೀರು.

"ನೀರು ಜಾಸ್ತಿ ಆದ್ರೆ ಬುಡ ಕೊಳೆಯುತ್ತೆ. ಮುದ್ದು ಜಾಸ್ತಿ ಆಗಿ ನನ್ನ ಮಗ ಕೆಟ್ಟ ಹಾಗೆ," ಎನ್ನುತ್ತಾರೆ. ಆ ಮಗನೇ ನನ್ನ ಅಳಿಯ.

ಮೊಮ್ಮಗಳು ಅಂಬೆಗಾಲಿಟ್ಟಾಗ ಪೇಚಾಟ ಶುರುವಾಯಿತು. ನನ್ನ ಮಗಳು ಬಸ್ ಕಂಡಕ್ಟರ್. ಅವಳ ರಜೆ ಮುಗಿದಿತ್ತು. ಮಗುವನ್ನು ಅತ್ತೆಯ ಹತ್ತಿರ ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು.

"ಆ ಗಿಡ ಇರೋ ತನಕ ಮಗೂನ ಇಲ್ಲಿ ಬಿಡಲ್ಲ ಅತ್ತೆ. ಕಣ್ಣಿಗೆ ಚುಚ್ಚಿದ್ರೆ?"

ಹೊರಗಿಡೋಣವೆಂದರೆ ಹೊಸ್ತಿಲಾಚೆ ರಸ್ತೆ. ಒಳಗೆ ತಳ್ಳಿದರೆ ಕತ್ತಲಲ್ಲಿ ಗಿಡ ಸೊರಗುತ್ತದೆ.

"ಮುಳ್ಳಿನ ತುದಿ ಕತ್ತರಿಸಿಬಿಡಿ," ಎಂದೆ.

"ನಿಮ್ಮ ನಾಲಿಗೆ ಚೂಪು ಅಂತ ಯಾರಾದ್ರೂ ಕತ್ತರಿಸಿದ್ರಾ ಬೀಗರೇ?"

ಆ ವಾರವೆಲ್ಲ ಬೀಗಿತ್ತಿ ಸೋಫಾ ಮುಟ್ಟಲಿಲ್ಲ. ಎಲೆಗಳ ಅಂಚಿಗೆ, ದಿಂಬಿಗೆ ಕೊಡುವ ಹಾಗೆ, ಬಟ್ಟೆಯೊಳಗೆ ಹುರಿ ಸುತ್ತಿದ ದಪ್ಪ ಪೈಪಿಂಗ್ ಕೊಟ್ಟರು. ಸೂಜಿ ಬೇಕಾಗಲಿಲ್ಲ, ಮುಳ್ಳುಗಳೇ ಅದನ್ನು ಕಚ್ಚಿ ಹಿಡಿದವು. ತುದಿಗೊಂದೊಂದು ತೊಗಲಿನ ಟೋಪಿ. ಗಿಡ ಮದುವೆಗೆ ಹೊರಟಂತಿತ್ತು.

ಮಗಳು ಬಂದು, ಟಿಕೆಟ್ ತಪಾಸಣೆಯವರಂತೆ, ಒಂದೊಂದೇ ಎಲೆಗೆ ಕೆನ್ನೆ ಉಜ್ಜಿ ನೋಡಿದಳು. ಎಲ್ಲ ಪಾಸಾಯಿತು. ಕೊನೆಗೆ ನಡುವೆ ಕೈಯಿಟ್ಟಳು, ಬೆರಳಲ್ಲಿ ರಕ್ತ.

"ಇದೇನತ್ತೆ?"

"ನಿನ್ನೆ ಬಿಚ್ಚಿಕೊಂಡ ಎಲೆ ಕಣಮ್ಮ. ನಡುವಿಂದ ಹೊಸದು ಬರ್ತಾನೇ ಇರುತ್ತೆ."

ಮಗಳು ಮಗುವನ್ನು ಸೊಂಟಕ್ಕೇರಿಸಿಕೊಂಡಳು. ಬೀಗಿತ್ತಿ ಕುಂಡದ ಅಂಚು ಹಿಡಿದು ರಸ್ತೆಯತ್ತ ಎಳೆಯತೊಡಗಿದರು. ಕುಂಡ ಹೊಸ್ತಿಲಿಗೆ ತಾಕಿತು. ಮಗಳು ಕಾಲು ಅಡ್ಡ ಇಟ್ಟಳು.

"ಬಿಡಿ ಅತ್ತೆ. ದಿನಾ ಬೆಳಿಗ್ಗೆ ನಾನೇ ನಡುವೆ ನೋಡಿ ಹೋಗ್ತೀನಿ. ನೀವು ಟೋಪಿ ಹೊಲಿದಿಟ್ಟಿರಿ, ಸಾಕು."

ಈಗ ದಿನಾ ಬೆಳಿಗ್ಗೆ ಅತ್ತೆ ಸೊಸೆ ಕುಂಡದ ಮೇಲೆ ಬಗ್ಗಿ, ಪೇನು ಹುಡುಕುವವರಂತೆ ಹೊಸ ಎಲೆ ಹುಡುಕುತ್ತಾರೆ. ಆಮೇಲೆ ಮಗಳು ಬಸ್ಸಿಗೆ ಓಡುತ್ತಾಳೆ. ನನ್ನ ಮಗಳು ಕೆಲಸ ಬಿಡದೆ ಉಳಿದದ್ದು ಬೀಗಿತ್ತಿಯಿಂದ. ಆ ಋಣ ನನ್ನ ಮೇಲಿದೆ.