ಒಂದು ದೋಸೆ ಬೇಯುವಷ್ಟು ಉತ್ತರ

ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾದೆ. ಮೊದಲ ಸಲ ಕಡಿಮೆ ಮಾತಾಡಿ, ಎರಡನೇ ಸಲ ಜಾಸ್ತಿ ಮಾತಾಡಿ. ಇಂಥ ಸಾಧನೆ ಎಲ್ಲರ ಕೈಲೂ ಆಗುವುದಿಲ್ಲ.

ನಾನು ನರ್ಸ್. ತೀರ್ಥಹಳ್ಳಿ ಕಡೆಯವಳು, ಮದುವೆಯಾಗಿ ಹೊಸನಗರಕ್ಕೆ ಬಂದವಳು. ವಾರ್ಡಿನಲ್ಲಿ ಡಾಕ್ಟರು ಕೇಳಿದ್ದಕ್ಕಷ್ಟೇ ಹೇಳಿ ಅಭ್ಯಾಸ. ಜ್ವರ? ಇಳಿದಿದೆ. ಊಟ? ಮಾಡಿದ್ದಾರೆ. ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಎದುರು ಕೂತಿದ್ದ ಹೆಂಗಸು ‘ನಿಮ್ಮ ಊರು ನಿಮಗೆ ಇಷ್ಟವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ‘ಹೌದು’ ಎಂದು ಹೇಳಿ ಕೈಕಟ್ಟಿ ಕೂತೆ. ಅವಳು ಕಾದಳು. ನಾನೂ ಕಾದೆ. ಉಳಿದ ಪ್ರಶ್ನೆಗಳಿಗೂ ಇದೇ ಕತೆ.

ಆಮೇಲೆ ಸಾಗರದಲ್ಲಿ ಒಬ್ಬರು ಮೇಷ್ಟ್ರ ಹತ್ತಿರ ಭಾನುವಾರದ ಕ್ಲಾಸಿಗೆ ಸೇರಿದೆ. ‘ಬಾಯಿ ಬಿಡ್ರೀ’ ಎಂದರು. ಬಿಟ್ಟೆ. ಎರಡನೇ ಸಲ ‘ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ?’ ಎಂದು ಕೇಳಿದ್ದಕ್ಕೆ ಹಂಡೆಗೆ ಬೆಂಕಿ ಹಾಕುವುದರಿಂದ ಶುರು ಮಾಡಿ, ಮಗಳ ಜಡೆ ದಾಟಿ, ನಿಟ್ಟೂರಿನಿಂದ ಬರುವ ಬಸ್ಸು ಯಾಕೆ ತಡವಾಗುತ್ತದೆ ಎನ್ನುವಲ್ಲಿಗೆ ಬಂದಿದ್ದೆ. ಪರೀಕ್ಷೆ ಮಾಡುವಾತ ಕೈ ಅಡ್ಡ ಹಿಡಿದ.

ಪಾಸಾದರೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷದ ಕೆಲಸ. ಗಂಡ, ಮಗಳು, ಅತ್ತೆ ಇಲ್ಲೇ ಇರುವುದೆಂದು ಮಾತಾಗಿತ್ತು. ಗಂಡ ಒಪ್ಪಿದ್ದರು. ಅತ್ತೆಯನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: ‘ಹೋಗು.’ ಆ ‘ಹೋಗು’ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಒಪ್ಪಿಗೆಯೋ, ಸಿಟ್ಟೋ, ‘ಏನಾದರೂ ಮಾಡಿಕೋ’ ಎನ್ನುವುದೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅತ್ತೆಯ ಮಾತು ಮೊದಲಿಂದಲೂ ಅಷ್ಟೇ. ಹೂಂ, ಆಯ್ತು, ಬೇಡ. ಈ ಮೂರರಲ್ಲಿ ನಾವು ಹನ್ನೊಂದು ವರ್ಷ ಸಂಸಾರ ಮಾಡಿದ್ದೆವು.

ಮೂರನೇ ಸಲಕ್ಕೆ ಭಾನುವಾರದ ಕ್ಲಾಸಿನ ಜೊತೆ ಅಡುಗೆಮನೆಯಲ್ಲೂ ತಯಾರಿ ನಡೆಯಿತು. ಡ್ಯೂಟಿಗೆ ಹೊರಡುವ ಮೊದಲು ಮೊಬೈಲಿನ ಗಡಿಯಾರ ಒತ್ತಿ ನನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದೆ. ಸೆಕೆಂಡು ಓಡುವುದನ್ನು ನೋಡಿದರೆ ಬಾಯಿ ಒಣಗುತ್ತಿತ್ತು. ಒಂದು ಬೆಳಗ್ಗೆ ದೋಸೆ ಎರೆಯುತ್ತಿದ್ದ ಅತ್ತೆ ತಿರುಗಿ ನೋಡಿದರು.

‘ಅದನ್ನ ಆಚೆ ಇಡು ಮಾರಾಯ್ತಿ. ನನ್ನ ಹತ್ರ ಹೇಳು.’

‘ನಿಮಗೆ ಇಂಗ್ಲಿಷ್ ಬರಲ್ವಲ್ಲ ಅತ್ತೆ.’

‘ಬರೋದು ಬೇಡ. ಮಾತು ಮುಗೀತೋ, ಹೆದರಿ ನಿಲ್ಸಿದ್ಯೋ ಅಂತ ಮುಖ ನೋಡಿದ್ರೆ ಗೊತ್ತಾಗಲ್ವಾ?’

ಕಾವಲಿಗೆ ಹಿಟ್ಟು ಬಿದ್ದ ಕೂಡಲೇ ನಾನು ಶುರು ಮಾಡಬೇಕು. ದೋಸೆಯ ಅಂಚು ಏಳುವ ಹೊತ್ತಿಗೆ ಸಣ್ಣ ಪ್ರಶ್ನೆಯ ಉತ್ತರ ಮುಗಿಯಬೇಕು. ಚೀಟಿಯಲ್ಲಿ ವಿಷಯ ಕೊಟ್ಟು ಎರಡು ನಿಮಿಷ ಮಾತಾಡಿಸುತ್ತಾರಲ್ಲ, ಅದಕ್ಕೆ ಸೌತೆಕಾಯಿಯ ದಪ್ಪ ದೋಸೆ, ಮುಚ್ಚಳ ಹಾಕಿ. ಬೇಗ ನಿಲ್ಲಿಸಿದರೆ ಅತ್ತೆ ‘ಹಸಿ’ ಎನ್ನುತ್ತಿದ್ದರು. ಎಳೆದರೆ ‘ಸೀದ್ಹೋಯ್ತು’. ಸರಿಯಾದರೆ ಏನೂ ಹೇಳದೆ ದೋಸೆಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು.

ಮೇಷ್ಟ್ರಿಗಿಂತ ಬಿಗಿ ಇವರು. ಸಾಗರದಲ್ಲಿ ‘ಈಗ ಹದಕ್ಕೆ ಬಂತು ನೋಡಿ’ ಎಂದು ಹೊಗಳಿಸಿಕೊಂಡ ಉತ್ತರವನ್ನೇ ಮಾರನೇ ದಿನ ಒಪ್ಪಿಸಿದರೆ ‘ಹಸಿ. ಇನ್ನೊಂದ್ಸಲ ಹೇಳು’ ಎಂದು ಇನ್ನೊಂದು ಸೌಟು ಹಿಟ್ಟು ಹೊಯ್ಯುತ್ತಿದ್ದರು. ಒಮ್ಮೊಮ್ಮೆ ನನಗೆ ರೇಗುತ್ತಿತ್ತು. ಕಾವಲಿಯಿಂದ ಐದು ದೋಸೆ ಎದ್ದರೂ ಒಂದು ಉತ್ತರ ಪಾಸಾಗುತ್ತಿರಲಿಲ್ಲ. ಇವರಿಗೆ ನಾನು ಪಾಸಾಗುವುದೇ ಇಷ್ಟವಿಲ್ಲವೇನೋ ಅನ್ನುವ ಅನುಮಾನವೂ ಬಂದಿತ್ತು. ಅದನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಮಂಗಳೂರಿನ ಆ ತಣ್ಣಗಿನ ಕೋಣೆಯಲ್ಲಿ ಗಡಿಯಾರದ ಕಡೆ ನೋಡಲೇ ಇಲ್ಲ. ಮೊದಲ ಪ್ರಶ್ನೆ ಬಂದಾಗ ಕಾವಲಿಯ ಚುಂಯ್ ಸದ್ದು ಕೇಳಿದಂತಾಯಿತು. ಅಂಚು ಎದ್ದಿತು ಅನ್ನಿಸಿದಾಗ ನಿಲ್ಲಿಸಿದೆ. ಎದುರಿದ್ದವರು ತಲೆಯಾಡಿಸಿ ಮುಂದಿನದು ಕೇಳಿದರು.

ಫಲಿತಾಂಶ ಬಂದ ಬೆಳಗ್ಗೆಯೂ ಅತ್ತೆ ಒಲೆಯ ಮುಂದಿದ್ದರು. ಬೇಕಾದಷ್ಟು ಅಂಕ ಬಂದಿತ್ತು. ಮೊಬೈಲ್ ಹಿಡಿದುಕೊಂಡೇ ಒಳಗೆ ಹೋಗಿ ಹೇಳಿದೆ.

‘ಒಳ್ಳೇದಾಯ್ತು’ ಎಂದು ಕಾವಲಿಗೆ ಹಿಟ್ಟು ಎರೆದರು. ಬೆನ್ನು ನನ್ನ ಕಡೆಗಿತ್ತು.

ನನಗೆ ಆ ‘ಹೋಗು’ ನೆನಪಾಯಿತು. ಅದೇ ಒಂದು ಮಾತಿನ ಅಳತೆ. ಎಲ್ಲಿಂದ ಧೈರ್ಯ ಬಂತೋ, ‘ಹಸಿ, ಅತ್ತೆ’ ಎಂದೆ.

ಅವರು ಸಟ್ಟುಗ ಹಿಡಿದುಕೊಂಡು ತಿರುಗಿದರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

‘ಹೋಗು ಅಂದಿದ್ದು ಸಿಟ್ಟಲ್ಲೇ ಕಣೇ. ಸುಳ್ಳು ಯಾಕೆ ಹೇಳ್ಲಿ? ನಿಂಗೆ ಈ ಮನೆ ಸಾಕಾಯ್ತು ಅಂತ ಮಾಡಿದ್ದೆ. ಆಮೇಲೆ ನೀನು ಇಲ್ಲಿ ಕೂತು ಮಾತಾಡಕ್ಕೆ ಶುರು ಮಾಡ್ದೆ. ನಂಗೆ ಒಂದಕ್ಷರ ತಿಳೀಲಿಲ್ಲ. ಆದ್ರೆ ಈ ಅಡುಗೆಮನೇಲಿ ನನ್ನ ಹತ್ರ ಅಷ್ಟು ಹೊತ್ತು ಯಾರು ಮಾತಾಡಿದ್ದಾರೆ ಹೇಳು? ಸರಿ ಇದ್ದದ್ದನ್ನೂ ಎಷ್ಟೋ ಸಲ ಹಸಿ ಅಂದಿದೀನಿ. ನೀನು ಫೇಲಾಗ್ಲಿ ಅಂತಲ್ಲ. ಇನ್ನೊಂದು ದೋಸೆ ಬೇಯೋವರೆಗೆ ಕೂತಿರ್ಲಿ ಅಂತ.’

ಅತ್ತೆ ನಿಲ್ಲಿಸಲಿಲ್ಲ. ತಾವು ಮದುವೆಯಾಗಿ ಬಂದ ದಿನದಿಂದ ಹಿಡಿದು ಏನೇನೋ ಹೇಳುತ್ತಾ ಹೋದರು. ಹಿಂದೆ ಕಾವಲಿಯಿಂದ ಸೀದ ವಾಸನೆ ಏಳುತ್ತಿತ್ತು. ನಾನು ಗೋಡೆಗೊರಗಿ ಕೂತು ಕೇಳುತ್ತಿದ್ದೆ.