ಹೇಗೆ ಮೇಷ್ಟ್ರು

ಶಾಲೆಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಮಕ್ಕಳ ಬಾಯಲ್ಲಿ ಅವರು ಬರೀ 'ಹೇಗೆ ಮೇಷ್ಟ್ರು'. ಪ್ರಬಂಧದಲ್ಲಿ ಯಾರಾದರೂ 'ಹುಲಿ ನಡೆಯಿತು' ಎಂದು ಬರೆದರೆ ಸಾಕು, ಉಪ್ಪಿಲ್ಲದ ಅಡುಗೆ ಬಾಯಿಗಿಟ್ಟವರಂತೆ ಮುಖ ಕಿವುಚಿಕೊಂಡು, "ಹೇಗೆ ನಡೀತಪ್ಪಾ? ಮೆಲ್ಲಗಾ, ಗತ್ತಿನಿಂದಲಾ, ಕಾಲೆಳೆದುಕೊಂಡಾ?" ಎಂದು ಬೆನ್ನು ಹತ್ತುತ್ತಾರೆ. ಮನೆಯಲ್ಲೂ ಈ ಚಾಳಿ ಬಿಟ್ಟಿಲ್ಲ. ಹೆಂಡತಿ ಮಳೆ ಬಂತೆಂದರೆ ಹೇಗೆ ಬಂತು ಅನ್ನುತ್ತಾರೆ, "ಮೇಲಿಂದ ಬಂತು ಕಣ್ರೀ" ಅಂತ ಆಕೆ ಒಳಗೆ ಹೋಗಿಬಿಡುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ದು, ಒಂದೊಂದು ಪಂಜರದ ಮುಂದೂ ನಿಲ್ಲಿಸಿ, ಕಂಡದ್ದನ್ನು ಬರೆಸುತ್ತಾರೆ. ಅಲ್ಲಿ ಮೊಸಳೆ ಸುಮ್ಮನೆ ಮಲಗುವಂತಿಲ್ಲ, ಬಾಯಿ ತೆರೆದುಕೊಂಡು, ಬಿಸಿಲಿಗೆ ಮೈಯೊಡ್ಡಿ, ಕಲ್ಲಿನಂತೆ ಮಲಗಬೇಕು. ಈ ಸಲ ಹೋದಾಗ ಮುದಿ ಕರಡಿಯ ಪಂಜರ ಖಾಲಿಯಿತ್ತು. "ಹೋದ ವಾರ ಸತ್ತೋಯ್ತು," ಎಂದ ಕಾವಲುಗಾರ. ಮೇಷ್ಟ್ರು ಏನೂ ಕೇಳಲಿಲ್ಲ. ಗೋಡೆಯಿಂದ ಕಂಬಿಗೆ, ಕಂಬಿಯಿಂದ ಗೋಡೆಗೆ ಸಿಮೆಂಟಿನ ನೆಲ ಸವೆದು ಕಾಲುದಾರಿಯಾಗಿದ್ದನ್ನೇ ನೋಡುತ್ತಾ ನಿಂತರು. ಪಕ್ಕದಲ್ಲಿದ್ದ ಹುಡುಗಿ, ಅವರು ಕಲಿಸಿದ್ದನ್ನು ಮರೆಯದೆ, "ಹೇಗೆ ಸತ್ತಿತು, ಮೇಷ್ಟ್ರೇ?" ಎಂದಳು. "ನಡೆದೂ ನಡೆದೂ, ಮಗಾ," ಅಂದರು ಮೇಷ್ಟ್ರು.