ಯಾರ್ಡಿನ ನೀರುಗಂಟಿ

ಕೆಂಪರಾಜು ಹುಟ್ಟಿದ್ದು ಮಂಡ್ಯದ ಕಡೆ, ನೀರುಗಂಟಿಯ ಮನೆಯಲ್ಲಿ. ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಅಪ್ಪನ ಕೆಲಸ. ಅಕ್ಕ ಸತ್ಯವತಿ ಫ್ರೀಮಾಂಟಿಗೆ ಕರೆಸಿಕೊಂಡ ಮೇಲೆ ಅವನಿಗೆ ಸಿಕ್ಕಿದ್ದೂ ನೀರಿನ ಕೆಲಸವೇ.

ಓಕ್ಲೆಂಡಿನ ಹತ್ತಿರ, ಕೊಲ್ಲಿಯ ದಡದಲ್ಲಿ ಒಂದು ರೈಲ್ ಯಾರ್ಡು. ಎಂಜಿನ್ನುಗಳಿಂದ ಡೀಸೆಲ್ಲು, ಗ್ರೀಸು ಸೋರಿ ಅಲ್ಲಿ ಜಲ್ಲಿಯೆಲ್ಲ ಕಪ್ಪಗಿತ್ತು. ಮಳೆ ಬಂದರೆ ಅದು ತೊಳೆದುಕೊಂಡು ಚರಂಡಿಗೆ, ಚರಂಡಿಯಿಂದ ಒಂದು ಹೊಂಡಕ್ಕೆ ಬರುತ್ತಿತ್ತು. ಹೊಂಡದಲ್ಲಿ ಎಣ್ಣೆ ಮೇಲೆ ತೇಲಬೇಕು, ಅಡಿಯ ನೀರು ಮಾತ್ರ ತೂಬಿನಿಂದ ಕೊಲ್ಲಿಗೆ ಹೋಗಬೇಕು. ತೂಬು ಹೆಚ್ಚು ಎತ್ತಿದರೆ ಎಣ್ಣೆಯೂ ಹೋಗುತ್ತದೆ. ಎತ್ತದಿದ್ದರೆ ಹಳಿ ಮುಳುಗುತ್ತದೆ.

ಆ ತೂಬು ನೋಡಿಕೊಳ್ಳುವುದು ಕೆಂಪರಾಜುವಿನ ಕೆಲಸ. ನೀರಿನ ಮಟ್ಟಕ್ಕೆಂದು ನೆಟ್ಟಿದ್ದ ಅಳತೆಯ ಕೋಲನ್ನು ಅವನು ನೋಡುತ್ತಿರಲಿಲ್ಲ. ಅವನ ಮನೆಯವರು ಯಾರೂ ನಾಲೆಗೆ ಮೆಟ್ಟು ಹಾಕಿಕೊಂಡು ಇಳಿದವರಲ್ಲ. ಬರಿಗಾಲಲ್ಲಿ ನಿಂತು, ನೀರಿನ ಸೆಳೆತ ತಿಳಿದು, ತೂಬು ಎತ್ತುತ್ತಿದ್ದರು. ಕೆಂಪರಾಜು ಇಲ್ಲೂ ಫೋರ್‌ಮನ್ ಆಚೆ ಹೋದಾಗ ಬೂಟು ಬಿಚ್ಚಿ ಚರಂಡಿಗೆ ಇಳಿಯುತ್ತಿದ್ದ. ಚಳಿಗಾಲದ ನೀರು ಮೂಳೆ ಕೊರೆಯುತ್ತಿತ್ತು. ನಮ್ಮೂರ ನಾಲೆ ಹಂಗೇ, ಗದ್ದೆ ಒಂದಿಲ್ಲ ಅಷ್ಟೆ ಎಂದು ಹೆಂಡತಿ ಜವರಮ್ಮನ ಹತ್ತಿರ ನಗುತ್ತಿದ್ದ.

ಎಂಬತ್ತಾರರ ಫೆಬ್ರುವರಿಯಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಎರಡನೇ ದಿನ ಸಂಜೆ ಜವರಮ್ಮ ಅವನ ಕಾಲಿಗೆ ಬಿಸಿನೀರು ಹಾಕುತ್ತಿದ್ದಳು. ಅಂಗಾಲಲ್ಲಿ ಏನೋ ಹೊಳೆಯಿತು. ತಗಡಿನ ಚೂರು, ಒಳಕ್ಕೆ ಇಳಿದಿತ್ತು. ಹಿಡಿದು ಎಳೆದಳು. ಅವನು ಟೀವಿ ನೋಡುತ್ತಲೇ ಇದ್ದ.

“ನೋಯ್ನಿಲ್ವಾ?”

“ಏನು?” ಎಂದ ಅವನು.

ಅವನಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು. ಅವಳು ಬಿಡದೆ ಕೇಳಿದ ಮೇಲೆ ಒಪ್ಪಿಕೊಂಡ. ಒಂದು ವರ್ಷದಿಂದ ಕಾಲಿಗೆ ನೀರು ತಿಳಿಯುತ್ತಿಲ್ಲ. ಕೈ ಅದ್ದಿ ಅಂದಾಜು ಮಾಡುತ್ತಾನೆ. ಆದರೂ ಬೂಟು ಬಿಚ್ಚಿಯೇ ಇಳಿಯುತ್ತಾನೆ. ಹಾಗೆ ನಿಂತರೇ ಅವನಿಗೆ ಕೆಲಸ ಮಾಡಿದಂತೆ.

ನಾಳೆಯೇ ಪದ್ಮಜಾ ಡಾಕ್ಟರ ಹತ್ತಿರ ಹೋಗೋಣ ಎಂದಳು. ಪದ್ಮಜಾ ಮೈಸೂರಿನವರು, ಫ್ರೀಮಾಂಟಿನಲ್ಲೇ ಕ್ಲಿನಿಕ್ಕು.

“ಅವ್ರು ರಜಾ ಆಕು ಅಂತಾರೆ. ಈ ಮಳೇಲಿ ತೂಬು ಯಾರು ನೋಡಾರು? ಬರಿಗಾಲಲ್ಲಿ ಇಳ್ದೆ ಅಂತ ತಿಳಿದ್ರೆ ಕೆಲ್ಸಾನೂ ವೋಯ್ತದೆ. ಮಳೆ ನಿಲ್ಲಲಿ ಕಣಮ್ಮಿ. ಯಾರ್ಗೂ ಯೋಳ್ಬ್ಯಾಡ.”

“ಆ ಕೊಚ್ಚೆ ಕಾಯ್ಕೊಂಡು ಕಾಲು ಕಳ್ಕೊಳಿ,” ಎಂದು ಬೈದಳು. ಬೈದಳು ಅಷ್ಟೆ, ಯಾರಿಗೂ ಹೇಳಲಿಲ್ಲ. ಅರಿಸಿನ ಕಾಯಿಸಿ ಕಟ್ಟಿದಳು. ಅವನು ಮಾರನೆಯ ದಿನವೂ ಹೋದ, ಕಟ್ಟಿದ ಬಟ್ಟೆಯ ಸಮೇತ ಇಳಿದ. ದಿನವೂ ಬಟ್ಟೆ ಬಿಚ್ಚುವಾಗ ಗಾಯ ಇನ್ನಷ್ಟು ಕಪ್ಪಾಗಿರುತ್ತಿತ್ತು, ವಾಸನೆಯೂ ಬರುತ್ತಿತ್ತು. ಅವಳು ಕಿಟಕಿಯಲ್ಲಿ ಮಳೆ ನೋಡುವಳು. ಸತ್ಯವತಿ ಫೋನು ಮಾಡಿದಾಗ ಎಲ್ಲ ಚೆನ್ನಾಗಿದ್ದೇವೆ ಎಂದಳು.

ಹತ್ತನೇ ದಿನ ಮಳೆ ನಿಂತಿತು. ಒಂದು ತೊಟ್ಟು ಎಣ್ಣೆಯೂ ಆಚೆ ಹೋಗಲಿಲ್ಲ ಎಂದು ಕೆಂಪರಾಜು ಕ್ಲಿನಿಕ್ಕಿಗೆ ಹೋಗುವ ಕಾರಿನಲ್ಲಿ ಜ್ವರದಲ್ಲೇ ಹೇಳಿದ. ಪದ್ಮಜಾ ಕಾಲು ನೋಡಿ ಯಾವಾಗ ಚುಚ್ಚಿತು ಎಂದು ಕೇಳಿದರು. ಮೊನ್ನೆ ಎಂದಳು ಜವರಮ್ಮ. ಯಾರಿಗೂ ಹೇಳಬೇಡ ಎಂದು ಅವನು ಹೇಳಿದ್ದನಲ್ಲ. ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನವರೆಗೆ ತೆಗೆದರು. ನಂಜು ಆಗಲೇ ರಕ್ತಕ್ಕೆ ಏರಿತ್ತು. ಐದನೇ ದಿನ ಹೋದ. ನಲವತ್ತೇಳು ವರ್ಷ.

ತಿಂಗಳಾದ ಮೇಲೆ ಅವಳು ಒಬ್ಬಳೇ ಬಸ್ಸು ಹಿಡಿದು ಪದ್ಮಜಾ ಅವರ ಹತ್ತಿರ ಹೋದಳು. ಮೊನ್ನೆ ಅಲ್ಲ, ಎಂಟು ದಿನ ಮುಂಚೆಯೇ ನೋಡಿದ್ದೆ ಎಂದಳು.

“ಅವತ್ತೇ ಕರ್ಕೊಂಡ್ ಬಂದಿದ್ರೆ?”

ಪದ್ಮಜಾ ಕುರ್ಚಿ ಹತ್ತಿರ ಎಳೆದುಕೊಂಡರು.

“ಕಾಲು ಹೋಗ್ತಿತ್ತೇನೋ, ಜವರಮ್ಮ. ಅವರು ಉಳೀತಿದ್ರು.”

ಜವರಮ್ಮ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡು, ಕೈಮುಗಿದು, ಎದ್ದು ಬಂದಳು.